ಅಂಗಳದ ಒಲೆ, ಊರಿನ ಚರಿಗೆ

ನಮ್ಮ ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕು ಎಂದು ಸಮಿತಿಯವರು ಮನೆಗೆ ಬಂದು ಕೇಳಿದಾಗ ನಾನು ಮೊದಲು ಒಪ್ಪಲಿಲ್ಲ. ಠೇವಣಿ, ಸಾಲ, ಪಾಲು ಬಂಡವಾಳದ ವಿಷಯ ಬರೆಯಲಿಕ್ಕೆ ಕಾರ್ಯದರ್ಶಿಗಳಿದ್ದಾರೆ. ಸಹಕಾರ ತತ್ವದ ಬಗ್ಗೆ ಬರೆಯಲಿಕ್ಕೆ ನನಗಿಂತ ತಿಳಿದವರಿದ್ದಾರೆ. "ಹಾಗಾದರೆ ಹಿಂದಿನ ಕಾಲದ್ದು ಎಂತಾದರೂ ಬರೆದು ಕೊಡಿ ಮಾಸ್ಟ್ರೇ" ಎಂದರು. ಆಗ ನನಗೆ ನೆನಪಾದದ್ದು ಕಚೇರಿಯ ಹಿಂದಿನ ಪಾತ್ರೆ ಕೋಣೆ. ಬೀಗದ ಕೈ ಕೇಳಿ ತೆಗೆದುಕೊಂಡು ಒಂದು ಮಧ್ಯಾಹ್ನ ಅಲ್ಲಿ ಹೋಗಿ ಕುಳಿತೆ.

ಆ ಕೋಣೆಯೊಳಗೆ ಬೋರಲು ಹಾಕಿದ ಚರಿಗೆಗಳು, ಕೊಪ್ಪರಿಗೆ, ಬಾಣಲೆಗಳು, ಬಡಿಸುವ ಬಾಲ್ದಿಗಳು, ಮಾರುದ್ದದ ಸಟ್ಟುಗಗಳು ಇರುವುದು ಸದಸ್ಯರಿಗೆಲ್ಲ ಗೊತ್ತುಂಟು. ಬಾಡಿಗೆಗೆ ಒಯ್ಯದ ಮನೆ ನಮ್ಮಲ್ಲಿ ಇಲ್ಲ ಎಂದರೂ ನಡೆಯುತ್ತದೆ. ಆದರೆ ಪಾತ್ರೆಯ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳನ್ನು ಓದಿದವರು ಎಷ್ಟು ಮಂದಿಯೋ! ಹೊಸ ಸ್ಟೀಲಿನ ಪಾತ್ರೆಗಳ ಮೇಲೆ ಸಂಘದ ಹೆಸರು ಉಂಟು. ಅದಕ್ಕಿಂತ ಹಳೆಯ ಎರಡು ತಾಮ್ರದ ಚರಿಗೆಗಳ ಮೇಲೆ ಭಜನಾ ಮಂಡಳಿಯ ಹೆಸರು. ಅವೆರಡರಲ್ಲಿ ಒಂದರ ಮೇಲೆ, ಮಂಡಳಿಯ ಹೆಸರಿಗಿಂತ ಸ್ವಲ್ಪ ಮೇಲೆ, ತಿಕ್ಕಿ ತಿಕ್ಕಿ ಸವೆದ ಇನ್ನೆರಡು ಅಕ್ಷರ ಕಾಣುತ್ತದೆ. ಅದು ಒಂದು ದೊಡ್ಡ ಮನೆತನದ ಗುರುತು. ಮನೆ, ಮಂಡಳಿ, ಸಂಘ ಎಂಬ ಈ ಮೂರು ಹೆಸರುಗಳ ನಡುವೆ ನಮ್ಮ ಊರಿನ ಅರುವತ್ತು ವರ್ಷಗಳ ಚರಿತ್ರೆ ಉಂಟು ಎಂದು ನನ್ನ ತಿಳುವಳಿಕೆ.

ನಮ್ಮ ಕಡೆಯಲ್ಲಿ ದೊಡ್ಡ ಅಡಿಗೆ ಯಾವತ್ತೂ ಮನೆಯೊಳಗೆ ಆದದ್ದಲ್ಲ. ಮುಳಿಹುಲ್ಲಿನ ಮಾಡು, ತಲೆ ತಾಗುವ ಜಂತಿ, ಎರಡು ಒಲೆಯ ಅಡಿಗೆಕೋಣೆ. ಅದರಲ್ಲಿ ಮನೆಮಂದಿಯ ಗಂಜಿ ಬೇಯುವುದೇ ಹೆಚ್ಚು. ದೀಪಾವಳಿ ಕಳೆದ ಮೇಲೆ ಪತ್ತನಾಜೆಯ ತನಕ, ಮಳೆ ಇಲ್ಲದ ತಿಂಗಳುಗಳಲ್ಲಿ, ಮದುವೆ, ಮನೆ ಒಕ್ಕಲು, ಕೋಲ, ಬೊಜ್ಜ ಎಲ್ಲವೂ ಅಂಗಳದಲ್ಲಿಯೇ. ಅಡಿಕೆ ಸಲಕೆಯ ಕಂಬ, ಮೇಲೆ ಹೆಣೆದ ತೆಂಗಿನ ಮಡಲು. ಮನೆಯ ಹಿಂಬದಿಯಲ್ಲಿ ಅಡಿಗೆಯ ಚಪ್ಪರ. ಹಿಂದಿನ ದಿನ ಸಂಜೆಗೆ ನೆರೆಕರೆಯವರು ಮೆಟ್ಟುಕತ್ತಿ ಹಿಡಿದುಕೊಂಡು ತರಕಾರಿ ಕೊರೆಯಲಿಕ್ಕೆ ಬರುತ್ತಿದ್ದರು. ಹೆಂಗಸರು ಕಡೆಯುವ ಕಲ್ಲಿನ ಮುಂದೆ ಕುಳಿತರೆ ಏಳುವಾಗ ಕೋಳಿ ಕೂಗುತ್ತಿತ್ತು. ಹಬ್ಬದೂಟದ ಅಡಿಗೆ ಮಾಡಿದ ಹೆಸರು ಗಂಡಸರಿಗೆ, ತೆಂಗಿನಕಾಯಿ ಕಡೆದು ರಟ್ಟೆ ಬಿದ್ದುಹೋದದ್ದು ಹೆಂಗಸರಿಗೆ. ಇದನ್ನು ನಾನು ಈಗ ಬರೆಯುತ್ತೇನೆಯೇ ಹೊರತು ಆಗ ಯಾರಿಗೂ ತೋಚಿದ್ದಿಲ್ಲ, ನನಗೂ ಇಲ್ಲ.

ಅಕ್ಕಿ ಗದ್ದೆಯಲ್ಲಿ ಉಂಟು, ಕಾಯಿ ತೋಟದಲ್ಲಿ ಉಂಟು, ಸೌತೆಕಾಯಿ ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ತೂಗುಹಾಕಿದ್ದು ಉಂಟು. ಇಲ್ಲದೇ ಇದ್ದದ್ದು ಬೇಯಿಸುವ ಪಾತ್ರೆ. ಒಂದು ಮುಡಿ ಅಕ್ಕಿ ಬೇಯುವ ತಾಮ್ರದ ಚರಿಗೆ ಎಂದರೆ ಆಗ ಒಂದು ಜೊತೆ ಕೋಣಕ್ಕೆ ಸಮ ಎಂದು ನಮ್ಮ ಅಪ್ಪ ಹೇಳುತ್ತಿದ್ದರು. ಅಂಥದ್ದು ಇದ್ದದ್ದು ದೇವಸ್ಥಾನದಲ್ಲಿ, ಗುತ್ತು ಬೀಡುಗಳಲ್ಲಿ, ಧಣಿಗಳ ಮನೆಯಲ್ಲಿ. ಗೇಣಿ ಒಕ್ಕಲಿನವರು ಮದುವೆ ನಿಶ್ಚಯ ಮಾಡುವ ಮೊದಲೇ ಅಲ್ಲಿ ಹೋಗಿ, ಮೆಟ್ಟಿಲ ಕೆಳಗೆ ನಿಂತು, ವೀಳ್ಯ ಇಟ್ಟು ಕೇಳಬೇಕು. ಸಿಕ್ಕಿದರೆ, ಪಾತ್ರೆ ತಿಕ್ಕಿ ವಾಪಸು ಕೊಡುವಾಗ ಜೊತೆಯಲ್ಲಿ ಬಾಳೆಗೊನೆ, ಮತ್ತೆ ಯಾವತ್ತಾದರೂ ಒಂದೆರಡು ದಿನದ ಬಿಟ್ಟಿ ಕೆಲಸ. ದಲಿತರಿಗಂತೂ ಕೇಳುವ ಮಾತೇ ಇರಲಿಲ್ಲ. ಅವರು ಮುಟ್ಟಿದ ಪಾತ್ರೆ ಮತ್ತೆ ಒಳಗೆ ಹೋಗುವುದಿಲ್ಲ ಎಂಬ ಕಾಲ. ಅವರ ಮದುವೆಯ ಊಟ ಮಣ್ಣಿನ ಮಡಕೆಗಳಲ್ಲಿಯೇ ಆಗಬೇಕಿತ್ತು.

ಊಟಕ್ಕೆ ಎಲ್ಲರೂ ಒಂದೇ ಚಪ್ಪರದಡಿ ಕೂರುವ ಕ್ರಮವೂ ಇರಲಿಲ್ಲ. ನಮ್ಮ ಮನೆಯಲ್ಲಿ ಬೇಯಿಸಿದ್ದನ್ನು ಮೇಲಿನವರು ಉಣ್ಣುತ್ತಿರಲಿಲ್ಲ. ಅವರಿಗೆ ಅಕ್ಕಿ, ಕಾಯಿ, ಬೆಲ್ಲದ ಪಡಿ ಕೊಟ್ಟು ಕೈಮುಗಿಯುವುದು. ನಮಗಿಂತ ಕೆಳಗಿನವರೆಂದು ನಾವು ಎಣಿಸಿಕೊಂಡವರಿಗೆ ನಾವೂ ತೋಟದ ಬದಿಯಲ್ಲಿಯೇ ಬಡಿಸುತ್ತಿದ್ದೆವು. ಒಂದು ಕಡೆಯ ತಪ್ಪನ್ನು ಮಾತ್ರ ಬರೆದರೆ ಚರಿತ್ರೆ ಆಗುವುದಿಲ್ಲ.

ನನ್ನ ಅಕ್ಕನ ಮದುವೆ 1969ರಲ್ಲಿ. ನಾನು ಆಗ ಆರನೆಯ ತರಗತಿ. ಎರಡು ಚರಿಗೆ, ಒಂದು ಕೊಪ್ಪರಿಗೆ ಕೊಡುವುದಾಗಿ ಒಂದು ಮನೆಯವರು ತಿಂಗಳ ಮೊದಲೇ ಮಾತು ಕೊಟ್ಟಿದ್ದರು. ಹಿಂದಿನ ದಿನ ಮಧ್ಯಾಹ್ನ ಅಪ್ಪ ನಾಲ್ಕು ಜನ ಆಳುಗಳನ್ನು ಕರೆದುಕೊಂಡು, ಹೊರಲಿಕ್ಕೆ ಬಿದಿರಿನ ದಂಡಿಗೆ ಹಿಡಿದುಕೊಂಡು ಹೋದರು. ನಾನೂ ಹಿಂದೆ ಓಡಿದೆ. ಪಾತ್ರೆಗಳು ಬೇರೆ ಕಡೆಗೆ ಹೋಗಿವೆ ಎಂದು ಒಳಗಿನಿಂದ ಉತ್ತರ ಬಂತು. ಅಪ್ಪ ಏನೂ ಹೇಳಲಿಲ್ಲ. ಆ ವರ್ಷ ಗೇಣಿಯ ವಿಷಯದಲ್ಲಿ ಒಂದು ಸಣ್ಣ ಮಾತು ಆಗಿತ್ತು, ಅದಕ್ಕೋ ಅಥವಾ ನಿಜವಾಗಿ ಬೇರೆಯವರು ಒಯ್ದಿದ್ದರೋ, ಅವರು ತೀರಿಹೋಗಿ ಬಹಳ ಕಾಲವಾಯಿತು. ಖಾಲಿ ದಂಡಿಗೆ ಹೊತ್ತುಕೊಂಡು ಬರುವ ಆಳುಗಳು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಅಡಿಗೆಯ ಜವಾಬ್ದಾರಿ ನನ್ನ ಸೋದರಮಾವನದ್ದು. ಅವರು ಅರ್ಧ ಗಳಿಗೆ ತಲೆಗೆ ಕೈಹೊತ್ತು ಕುಳಿತರು. ಮತ್ತೆ ಎದ್ದು, "ನೀರು ಬಿಸಿ ಮಾಡುವ ಹಂಡೆ ಇದ್ದವರು ಹಂಡೆ ತನ್ನಿ, ಮಡಕೆ ಇದ್ದವರು ಮಡಕೆ ತನ್ನಿ" ಎಂದರು. ಹದಿನಾಲ್ಕು ಮನೆಗಳಿಂದ ಮಣ್ಣಿನ ಮಡಕೆಗಳು ಬಂದವು. ಸಣ್ಣ ಸಣ್ಣ ಒಲೆ ಸಾಲಾಗಿ ಹಾಕಿ ಕುಚ್ಚಲಕ್ಕಿ ಬೇಯಿಸಿದರು. ಒಂದು ಮಡಕೆ ಬಸಿಯುವಾಗ ಇನ್ನೊಂದಕ್ಕೆ ಅಕ್ಕಿ. ಮೊದಲ ಪಂಕ್ತಿ ಸುಧಾರಿಸಿತು, ಎರಡನೆಯದೂ ಆಯಿತು. ಮೂರನೆಯ ಪಂಕ್ತಿಯವರು ಎಲೆಯ ಮುಂದೆ ಮುಕ್ಕಾಲು ಗಂಟೆ ಕುಳಿತರು, ಅನ್ನ ಬರಲಿಲ್ಲ. ಗಂಡಿನ ಕಡೆಯ ಒಬ್ಬ ಹಿರಿಯರು ಎದ್ದು ಕೈತೊಳೆದು ಹೋಗಿಬಿಟ್ಟರು. ಅಪ್ಪ ಅವರ ಹಿಂದೆ ಗದ್ದೆಯ ಬದುವಿನ ತನಕ ಹೋಗಿ ಕರೆದದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಅಕ್ಕನಿಗೆ ಆ ಮನೆಯಲ್ಲಿ ಆ ಮಾತು ಎಷ್ಟೋ ವರ್ಷ ಕೇಳಬೇಕಾಯಿತು.

1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ದೇವರಾಜ ಅರಸರ ಸರಕಾರ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಡಿಕ್ಲರೇಶನ್ ಕೊಡುವುದೋ ಬೇಡವೋ ಎಂದು ರಾತ್ರಿ ಹಗಲು ಮಾತು, ಹೆದರಿಕೆ, ಮತ್ತೆ ಧೈರ್ಯ, ಭೂ ನ್ಯಾಯಮಂಡಳಿಗೆ ಅಲೆದಾಟ. ಈ ಕತೆ ನಮ್ಮ ತಾಲೂಕಿನ ಪ್ರತಿ ಮನೆಗೂ ಉಂಟು, ಇಲ್ಲಿ ವಿಸ್ತರಿಸುವುದಿಲ್ಲ. ಭೂಮಿಯ ಜೊತೆಯಲ್ಲಿ ಬೇರೆ ಒಂದು ಸಂಗತಿಯೂ ಸದ್ದಿಲ್ಲದೆ ನಡೆಯಿತು. ಗೇಣಿ ಅಕ್ಕಿ ಬರುವುದು ನಿಂತ ದೊಡ್ಡ ಮನೆಗಳಲ್ಲಿ ದೊಡ್ಡ ಪಾತ್ರೆಗಳಿಗೆ ಕೆಲಸ ಇಲ್ಲವಾಯಿತು. ಕೆಲವು ತಾಮ್ರದ ಚರಿಗೆಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. ನಮ್ಮ ಭಜನಾ ಮಂಡಳಿಯ ಯುವಕರು ಮನೆ ಮನೆಗೆ ಹೋಗಿ ಐದು, ಹತ್ತು ರೂಪಾಯಿ ಎತ್ತಿ ಅಂಥ ಒಂದು ಚರಿಗೆಯನ್ನು ಕೊಂಡರು, ಜೊತೆಗೆ ಹೊಸದೊಂದನ್ನೂ ತಂದರು. ಸವೆದ ಅಕ್ಷರದ ಚರಿಗೆ ಅದೇ. ಅದು ಬಂದ ದಿನ ಅಪ್ಪ ಹೋಗಿ ಕೈಯಿಂದ ಮುಟ್ಟಿ, ಬೆರಳಿನ ಗಂಟಿನಿಂದ ಎರಡು ಸಲ ಬಡಿದು ನೋಡಿದರು. "ಒಳ್ಳೆಯ ನಾದ ಉಂಟು" ಎಂದರು, ಅಷ್ಟೇ.

ಪಾತ್ರೆ ಬಂದರೆ ಸಾಕೆ? ಅದನ್ನು ಬಳಸುವ ವಿದ್ಯೆ ಬೇಡವೆ? ನನ್ನ ಮಾವ ಮಂಡಳಿಯ ಪಾತ್ರೆಗಳಿಗೆ ಒಡೆಯರ ಹಾಗೆ ಆಗಿಬಿಟ್ಟರು. ಎಲ್ಲಿ ಅಡಿಗೆಯೋ ಅಲ್ಲಿ ಅವರು. ಓದು ಬರಹ ಅಷ್ಟಕ್ಕಷ್ಟೆ, ಆದರೆ ಅವರ ಮಾತಿಗೆಲ್ಲ ಒಂದು ಕಾರಣ ಇರುತ್ತಿತ್ತು. ಈಗಿನ ಹುಡುಗರು ರಜೆಯಲ್ಲಿ ಹೊಳೆಬದಿಗೆ, ತೋಟಕ್ಕೆ ಹೋಗಿ ತಾವೇ ಅಡಿಗೆ ಮಾಡುತ್ತಾರೆ, ಹೊಗೆ ಕುಡಿದು, ಅನ್ನ ಸೀದು ವಾಪಸು ಬರುತ್ತಾರೆ. ಅವರಿಗೂ ಉಪಯೋಗಕ್ಕೆ ಬಂದೀತೆಂದು ಮಾವನಿಂದ ಕೇಳಿದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಗಾಳಿ. ನಮ್ಮಲ್ಲಿ ಬೇಸಗೆಯ ಬೆಳಿಗ್ಗೆ ಘಟ್ಟದ ಕಡೆಯಿಂದ ಮೂಡುಗಾಳಿ, ಮಧ್ಯಾಹ್ನ ತಿರುಗಿದ ಮೇಲೆ ಪಡುಗಾಳಿ. ಮಧ್ಯಾಹ್ನದ ಊಟಕ್ಕೆ ಅಡಿಗೆ ಬೆಳಿಗ್ಗೆಯೇ ಆಗುವುದರಿಂದ ಒಲೆಯ ಬಾಯಿ ಮೂಡಕ್ಕೆ ಇರಬೇಕು, ಊಟದ ಚಪ್ಪರ ಒಲೆಯ ಪಡುವಣಕ್ಕೆ ಇರಬಾರದು. ಇದನ್ನು ತಪ್ಪಿದ ಮದುವೆಗಳಲ್ಲಿ ನೆಂಟರು ಕಣ್ಣೊರೆಸಿಕೊಂಡದ್ದು ಹೆಣ್ಣು ಹೋಗುವ ದುಃಖಕ್ಕಲ್ಲ! ಒಲೆ ಎಂದರೆ ಮೊಣಕಾಲಿನ ಆಳಕ್ಕೆ ತೋಡಿದ ಉದ್ದದ ಗುಂಡಿ, ಎರಡು ಬದಿಗೂ ಮುರಕಲ್ಲು. ಮುರಕಲ್ಲು ಕಾದರೆ ಬೇಗ ತಣಿಯದು. ಹೊಳೆಯ ಕಲ್ಲು ಮಾತ್ರ ಇಡಬಾರದು. ಅದರೊಳಗೆ ನೀರಿನ ಪಸೆ ಇರುತ್ತದೆ, ಬೆಂಕಿಗೆ ಉಗಿಯಾಗಿ ಕಲ್ಲು ಸಿಡಿಯುತ್ತದೆ. ಹೊಳೆಬದಿಯಲ್ಲಿ ಅಡಿಗೆ ಮಾಡುವ ಹುಡುಗರು ಹೆಚ್ಚಾಗಿ ಮಾಡುವ ತಪ್ಪು ಇದೇ. ಕಾಡಿನೊಳಗೆ ಬೆಂಕಿ ಹಾಕುವುದು ಕಾನೂನಿನ ಪ್ರಕಾರ ಅಪರಾಧ ಎಂಬುದನ್ನೂ ಅವರು ತಿಳಿಯಬೇಕು. ಗಡಾಯಿಕಲ್ಲಿಗೆ ಹತ್ತುವವರು ಬುತ್ತಿ ಕಟ್ಟಿಕೊಂಡು ಹೋಗುವುದೇ ಲೇಸು.

ಕಟ್ಟಿಗೆಯಲ್ಲಿ ಮಾವಿನದ್ದು, ಹಲಸಿನದ್ದು ಒಳ್ಳೆಯ ಕೆಂಡ ಕೊಡುತ್ತದೆ. ಬೆಂಕಿ ಹಿಡಿಸಲಿಕ್ಕೆ ಒಣಗಿದ ಸೋಗೆ, ಕೊತ್ತಳಿಗೆ. ಕೊನೆಯಲ್ಲಿ ಸಣ್ಣ ಕಾವು ಬೇಕಾದರೆ ಗೆರಟೆ. "ಉರಿಯಲ್ಲಿ ಬೇಯಿಸುವುದು ನೀರು, ಕೆಂಡದಲ್ಲಿ ಬೇಯಿಸುವುದು ಅಡಿಗೆ" ಎನ್ನುತ್ತಿದ್ದರು ಮಾವ. ಒಲೆಗೆ ಇಡುವ ಮೊದಲು ಪಾತ್ರೆಯ ಹೊರಮೈಗೆ ಮಣ್ಣು, ಬೂದಿ ಕಲಸಿ ತೆಳ್ಳಗೆ ಬಳಿಯಬೇಕು. ಮಸಿ ಅದರ ಮೇಲೆ ಹಿಡಿಯುತ್ತದೆ, ತೊಳೆಯುವಾಗ ಮಣ್ಣಿನ ಜೊತೆಯಲ್ಲಿಯೇ ಬಿಟ್ಟುಹೋಗುತ್ತದೆ. ಬೇರೆ ಕಡೆಗೆ ಹೋದ ಚರಿಗೆ ಮಸಿ ಹಿಡಿದು ವಾಪಸು ಬಂದರೆ, ಅಲ್ಲಿ ಅಡಿಗೆ ಮಾಡಿದವ ಹೊಸಬ ಎಂದು ಮಾವ ನೋಡಿದ ಕೂಡಲೇ ಹೇಳುತ್ತಿದ್ದರು.

ತಾಮ್ರದ ಪಾತ್ರೆಗೆ ಕಲಾಯಿ ಬೇಕೇ ಬೇಕು. ಹುಣಸೆಹುಳಿ ಬಿದ್ದ ಸಾಂಬಾರು ಬರಿಯ ತಾಮ್ರದಲ್ಲಿ ನಿಂತರೆ ಕಿಲುಬು ಬಿಡುತ್ತದೆ, ಉಂಡವರಿಗೆ ವಾಂತಿ, ಹೊಟ್ಟೆನೋವು. ಆಗೆಲ್ಲ ಕಲಾಯಿಯವರು ಊರೂರು ತಿರುಗಿ ಬರುತ್ತಿದ್ದರು. ನೆಲದಲ್ಲಿ ಗುಂಡಿ ತೋಡಿ, ತಿದಿ ಒತ್ತಿ, ಕಾದ ಪಾತ್ರೆಗೆ ನವಸಾಗರ ಚಿಮುಕಿಸಿ, ತವರದ ಕಡ್ಡಿ ತಾಗಿಸಿ, ಹತ್ತಿಯಿಂದ ಒಂದು ಸುತ್ತು ಉಜ್ಜಿದರೆ ಕೆಂಪು ಚರಿಗೆಯ ಒಳಗೆ ಬೆಳ್ಳಿ ಬೆಳಗಿದ ಹಾಗೆ. ಮಕ್ಕಳಾದ ನಾವು ಅದನ್ನು ನೋಡಲಿಕ್ಕೆ ಶಾಲೆಗೆ ಚಕ್ಕರ್ ಹಾಕುತ್ತಿದ್ದೆವು. ತವರ 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಹಾಗಾಗಿ ಕಲಾಯಿ ಹಾಕಿದ ಪಾತ್ರೆಯನ್ನು ಖಾಲಿ ಒಲೆಯ ಮೇಲಿಟ್ಟು ಮಾತಾಡುತ್ತ ನಿಲ್ಲಬಾರದು, ಅದರಲ್ಲಿ ಮಸಾಲೆ ಹುರಿಯಲೂಬಾರದು. ಹುರಿಯಲಿಕ್ಕೆ ಕಬ್ಬಿಣದ ಬಾಣಲೆಯೇ ಆಗಬೇಕು.

ಇಷ್ಟು ತಾಪತ್ರಯದ ತಾಮ್ರ ಯಾಕೆ ಎಂದು ಕೇಳುವವರಿದ್ದಾರೆ. ತಾಮ್ರ ಸ್ಟೀಲಿಗಿಂತ ಇಪ್ಪತ್ತು ಪಾಲಿಗೂ ಮಿಕ್ಕಿ ಚೆನ್ನಾಗಿ ಕಾವನ್ನು ಹರಡುತ್ತದೆ. ಬೆಂಕಿ ಒಂದೇ ಬದಿಯಲ್ಲಿ ಉರಿದರೂ ತಳವಿಡೀ ಸಮನಾಗಿ ಬಿಸಿಯಾಗುತ್ತದೆ. ಸ್ಟೀಲಿನಲ್ಲಿ ಉರಿ ತಾಗಿದ ಜಾಗ ಮಾತ್ರ ಸುಡುತ್ತದೆ, ಪಾಯಸ ತಳ ಹಿಡಿಯುತ್ತದೆ. ಸ್ಟೀಲಿನ ದೊಡ್ಡ ಪಾತ್ರೆ ಒಯ್ಯುವ ಸದಸ್ಯರು ದಪ್ಪ ತಳದ್ದನ್ನೇ ಕೇಳಿ ಪಡೆಯಿರಿ, ಸಟ್ಟುಗ ತಳ ಮುಟ್ಟಿಸಿ ತಿರುಗಿಸಿರಿ. ಅಲ್ಯೂಮಿನಿಯಂ ಕಾವು ಹರಡುವುದರಲ್ಲಿ ಒಳ್ಳೆಯದೇ, ಆದರೆ ಹುಳಿ ಹಾಕಿದ್ದನ್ನು ಅದರಲ್ಲಿ ಬಿಡುವುದು ಬೇಡ.

ಇನ್ನು ಅಳತೆ. ಹಳೆಯ ಲೆಕ್ಕದಲ್ಲಿ 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಅಂದರೆ 42 ಸೇರು. ಒಂದು ಮುಡಿ ಬೆಳ್ತಿಗೆ ಅಕ್ಕಿಗೆ ಮುನ್ನೂರಕ್ಕೆ ಮೇಲ್ಪಟ್ಟು ಜನ ಎಂದು ಮಾವನ ಅಂದಾಜು. ಈಗಿನ ಲೆಕ್ಕದಲ್ಲಿ ನೂರು ಜನಕ್ಕೆ ಹತ್ತರಿಂದ ಹನ್ನೆರಡು ಕೆ.ಜಿ. ಅನ್ನ ಉಣ್ಣುವವರು ಕಡಿಮೆಯಾದ ಈ ದಿನಗಳಲ್ಲಿ ಎಂಟು ಕೆ.ಜಿ. ಸಾಕಾಗುತ್ತದೆ. ಆದರೆ ಮೆಣಸು, ಉಪ್ಪು, ಹುಳಿಗೆ ಈ ಗುಣಾಕಾರ ನಡೆಯುವುದಿಲ್ಲ. ಹತ್ತು ಜನದ ಸಾಂಬಾರಿನ ಮೆಣಸನ್ನು ಹತ್ತು ಪಾಲು ಮಾಡಿದರೆ ನೂರು ಜನದ ಸಾಂಬಾರು ಬಾಯಿಗಿಡಲಿಕ್ಕಾಗದು. ದೊಡ್ಡ ಪಾತ್ರೆಯಲ್ಲಿ ನೀರು ಆ ಪ್ರಮಾಣಕ್ಕೆ ಆರುವುದಿಲ್ಲ, ಹಾಕಿದ ನೀರೂ ಕಡಿಮೆಯೇ ಇರುತ್ತದೆ. "ಎಂಟು ಪಾಲು ಹಾಕು, ಕುದಿ ಬಂದ ಮೇಲೆ ನೋಡು, ಮತ್ತೆ ಬೇಕಾದರೆ ಹಾಕು. ಹಾಕಿದ್ದನ್ನು ತೆಗೆಯಲಿಕ್ಕೆ ಬ್ರಹ್ಮನಿಂದಲೂ ಆಗುವುದಿಲ್ಲ ಮಗಾ" ಎನ್ನುತ್ತಿದ್ದರು.

ಘಟ್ಟದ ಮೇಲಿನವರಿಗೆ ಸಾಂಬಾರು ಪುಡಿ ಉಂಟು. ನಮ್ಮದು ಆಗಿಂದಾಗ ಹುರಿದು, ಕಾಯಿಯ ಜೊತೆ ಕಡೆದು ಹಾಕುವ ಕ್ರಮ. ಕೊತ್ತಂಬರಿ, ಉದ್ದಿನಬೇಳೆ, ಜೀರಿಗೆ, ಮೆಂತೆ ಒಂದೊಂದನ್ನೂ ಬೇರೆ ಬೇರೆ ಹುರಿಯಬೇಕು. ಒಟ್ಟಿಗೆ ಹಾಕಿದರೆ ಕೊತ್ತಂಬರಿ ಪರಿಮಳ ಬರುವುದರೊಳಗೆ ಮೆಂತೆ ಕರಿದು ಕಹಿಯಾಗಿರುತ್ತದೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗಿಡ್ಡ ಮೆಣಸು, ಎರಡು ಚಮಚ ತೆಂಗಿನೆಣ್ಣೆ, ಒಂದು ತುಂಡು ಇಂಗು. ಬೇಳೆ ಪೂರ್ತಿ ಬೆಂದ ಮೇಲೆಯೇ ಹುಣಸೆಹುಳಿ. ಮೊದಲೇ ಹುಳಿ ಬಿದ್ದರೆ ಬೇಳೆ ಮತ್ತೆ ಬೇಯುವುದಿಲ್ಲ. ಕಡ್ಲೆಬೇಳೆ ಪಾಯಸಕ್ಕೆ ಬೆಲ್ಲವೂ ಹಾಗೆಯೇ. ದಪ್ಪ ಕಾಯಿಹಾಲನ್ನು ಪಾಯಸ ಕೆಳಗಿಳಿಸಿದ ಮೇಲೆ, ಕುದಿ ನಿಂತ ಮೇಲೆ ಹಾಕಬೇಕು. ದೊಡ್ಡ ಚರಿಗೆ ಬೆಂಕಿ ಎಳೆದ ಮೇಲೂ ಬಹಳ ಹೊತ್ತು ಕುದಿಯುತ್ತಲೇ ಇರುತ್ತದೆ. ಮನೆಯಲ್ಲಿ ಎರಡು ನಿಮಿಷ ತಡೆದರೆ ಸಾಕಾಗುವಲ್ಲಿ ಇಲ್ಲಿ ಕಾಲು ಗಂಟೆ ತಡೆಯಬೇಕು, ಇಲ್ಲದಿದ್ದರೆ ಹಾಲು ಒಡೆಯುತ್ತದೆ. ಅನ್ನವನ್ನೂ ಇದೇ ಕಾರಣಕ್ಕೆ ಒಂದು ಹದ ಮೊದಲೇ ಇಳಿಸಬೇಕು.

ಅನ್ನ ಬಸಿಯಲಿಕ್ಕೆ ಆಗ ಇದ್ದದ್ದು ಕಾಡಬಳ್ಳಿಯಿಂದ ಹೆಣೆದ ಕುಡುಪು. ಮಂಗಳೂರಿನ ಹತ್ತಿರದ ಕುಡುಪು ಕ್ಷೇತ್ರದ ಹೆಸರು ಇದರಿಂದಲೇ ಬಂದದ್ದೆಂದು ಸ್ಥಳಪುರಾಣ ಹೇಳುತ್ತದೆ. ಬಸಿದ ಅನ್ನವನ್ನು ಚಾಪೆಯ ಮೇಲೆ ಬಾಳೆಲೆ ಹಾಸಿ ರಾಶಿ ಹಾಕುವುದು, ತೆಳಿ ದನಕ್ಕೆ. ಆ ರಾಶಿಯನ್ನು ಹರಡದೆ ಗುಡ್ಡೆಯಾಗಿಯೇ ಬಿಟ್ಟರೆ ನಡುವಿನ ಅನ್ನ ಸಂಜೆಗೆ ಹಳಸುತ್ತದೆ. ಈಗಿನ ವೈದ್ಯರು ಹೇಳುವುದೂ ಅದನ್ನೇ, ಬೆಚ್ಚಗೆ ಬಹಳ ಹೊತ್ತು ಬಿಟ್ಟ ಅನ್ನ ವಿಷವಾಗಬಹುದು. ಈಗ ಕುಡುಪು ನೋಡಬೇಕಾದರೆ ವಸ್ತುಸಂಗ್ರಹಾಲಯಕ್ಕೆ ಹೋಗಬೇಕೋ ಏನೋ! ಬಿ.ಸಿ. ರೋಡಿನ ಸಂಚಯಗಿರಿಯಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ತುಳುನಾಡಿನ ಹಳೆಯ ಮನೆಬಳಕೆಯ ವಸ್ತುಗಳನ್ನು ಕೂಡಿಸಿಟ್ಟಿದ್ದಾರೆ. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ.

ಸಾಂಬಾರಿನ ಊಟ ಒಂದೇ ನಮ್ಮ ಊರಿನ ಅಡಿಗೆ ಎಂದು ಯಾರೂ ತಿಳಿಯಬಾರದು. ಕೋಲದ ಮರುದಿನದ ಕೋರಿ ಗಸಿ, ಬ್ಯಾರಿಗಳ ಮದುವೆಯ ನೈಚೋರು, ಕ್ರಿಶ್ಚಿಯನ್ ಬಾಂಧವರ ಸನ್ನ ಎಲ್ಲವೂ ಅಂಗಳದ ಒಲೆಯಲ್ಲಿಯೇ ಆದದ್ದು. ಮುಚ್ಚಳದ ಅಂಚಿಗೆ ಹಿಟ್ಟು ಮೆತ್ತಿ, ಮುಚ್ಚಳದ ಮೇಲೆಯೂ ಕೆಂಡ ಹರಡಿ ಬಿರಿಯಾನಿಯನ್ನು ದಮ್ಮಿಗೆ ಇಡುವುದನ್ನು ಮಾವ ಬಗ್ಗಿ ಬಗ್ಗಿ ನೋಡಿ ಕಲಿತಿದ್ದರು. ನಮ್ಮ ಜೈನ ಬಾಂಧವರಲ್ಲಿ ಗಡ್ಡೆ ಗೆಣಸು ಇಲ್ಲ, ಸೂರ್ಯ ಮುಳುಗುವ ಮೊದಲು ಊಟ ಮುಗಿಯಬೇಕು. ಅಲ್ಲಿ ಒಲೆಯ ಮುಂದೆ ಗಡಿಯಾರ ಇಟ್ಟುಕೊಂಡೇ ಕೆಲಸ.

ಈಗ ಸಂಘದ ಮಾತಿಗೆ ಬರುತ್ತೇನೆ. ಸಹಕಾರಿ ಸಾಲದ ಕಾನೂನು ಬಂದದ್ದು 1904ರಲ್ಲಿ. ಮರುವರ್ಷವೇ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ನಮ್ಮ ಜಿಲ್ಲೆಯಲ್ಲಿ ಪುತ್ತೂರಿನ ಮೊಳಹಳ್ಳಿ ಶಿವರಾಯರು ಊರೂರು ತಿರುಗಿ ಆ ಬೀಜ ಬಿತ್ತಿದರು. ಆದರೆ ಅಂದಿನ ಸಹಕಾರಿಗಳು ಮದುವೆ ಮುಂಜಿಯ ಖರ್ಚನ್ನು ಅನುತ್ಪಾದಕ ಎಂದೇ ಎಣಿಸುತ್ತಿದ್ದರು. ಗೊಬ್ಬರಕ್ಕೆ, ಎತ್ತಿಗೆ ಸಾಲ ಉಂಟು, ಊಟ ಹಾಕಲಿಕ್ಕೆ ಇಲ್ಲ. ಮಾತು ಸರಿಯೇ. ಆದರೂ ಊಟ ಹಾಕಲಾರದೆ ಮಾನ ಹೋದವನ ಮನೆಯಲ್ಲಿ ಗೊಬ್ಬರ ಏನು ಉತ್ಪಾದಿಸುತ್ತದೆ ಎಂದು ನನಗೆ ಯಾವಾಗಲೂ ಅನಿಸಿದ್ದುಂಟು.

ನಮ್ಮ ಸಂಘ ಆರಂಭವಾಗಿ ಕೆಲವು ವರ್ಷಕ್ಕೆ ಮಹಾಸಭೆಯಲ್ಲಿ ಪಾತ್ರೆ ಕೊಳ್ಳುವ ವಿಷಯ ಬಂದಾಗಲೂ ಇದೇ ವಾದ ಆಯಿತು. ಲಾಭ ಇಲ್ಲದ ಕೆಲಸ, ಕಾಯುವವರು ಯಾರು, ತಗ್ಗಿದರೆ ರಿಪೇರಿ ಯಾರು ಮಾಡಿಸುವುದು ಎಂದು ಒಂದು ಪಕ್ಷ. ಭಜನಾ ಮಂಡಳಿಯವರು ತಮ್ಮ ಎರಡು ಚರಿಗೆಗಳನ್ನು ಸಂಘಕ್ಕೇ ಬಿಟ್ಟುಕೊಡುತ್ತೇವೆ ಎಂದ ಮೇಲೆ ವಾದ ತಣ್ಣಗಾಯಿತು. ಬಾಡಿಗೆಯ ನಿಯಮದ ಹಾಳೆಯಲ್ಲಿ ಕೇಳುವುದು ಮೂರೇ: ಸದಸ್ಯತ್ವದ ನಂಬರು, ತಾರೀಕು, ಸಹಿ. ಯಾವ ಮನೆ, ಯಾವ ಜಾತಿ ಎಂಬ ಪ್ರಶ್ನೆ ಇಲ್ಲ. ಮೊದಲ ವರ್ಷ ಕಾಲನಿಯ ಒಂದು ಮದುವೆಗೆ ಚರಿಗೆ ಹೋದಾಗ, ವಾಪಸು ಬಂದದ್ದನ್ನು ನಾವು ತೆಗೆದುಕೊಳ್ಳುವುದಿಲ್ಲ ಎಂದು ಗೊಣಗಿದವರು ಇರಲಿಲ್ಲವೆಂದಲ್ಲ. ಅಂದಿನ ನಿರ್ದೇಶಕರು ಜಗಳ ಮಾಡಲಿಲ್ಲ. ಮುಂದಿನ ವಾರ ತಮ್ಮ ಮಗನ ಮದುವೆಗೆ ಅದೇ ಚರಿಗೆಯನ್ನು ಒಯ್ದರು, ಅದರಲ್ಲಿಯೇ ಪಾಯಸ ಮಾಡಿಸಿದರು. ಗೊಣಗಿದವರು ಉಂಡರು. ಅವರಲ್ಲಿ ಒಬ್ಬರು ಎರಡು ಸಲ ಬಡಿಸಿಕೊಂಡದ್ದನ್ನು ನಾನೇ ನೋಡಿದ್ದೇನೆ.

ಇತ್ತೀಚೆಗೆ ಕಟ್ಟಿಗೆಯ ಒಲೆ ಕಡಿಮೆಯಾಯಿತು. ಗ್ಯಾಸಿನ ಬರ್ನರ್ ಬಂತು, ಗ್ರೈಂಡರ್ ಬಂತು. ಹೆಂಗಸರಿಗೆ ರಾತ್ರಿ ನಿದ್ದೆ ಸಿಕ್ಕಿತು, ಇದರ ಬಗ್ಗೆ ನನಗೆ ಒಂದು ಚೂರೂ ಬೇಸರ ಇಲ್ಲ. ಹೆಂಗಸರ ಗುಂಪಿನವರೇ ಮುಂದೆ ನಿಂತು ನಾನೂರು, ಐನೂರು ಜನರ ಅಡಿಗೆ ಮಾಡುವುದನ್ನು ಈಗ ಕಾಣುತ್ತೇವೆ. ಗ್ಯಾಸಿನಲ್ಲಿ ಅಡಿಗೆ ಮಾಡುವವರು 19 ಕೆ.ಜಿ.ಯ ಸಿಲಿಂಡರನ್ನೇ ಬಳಸಿ, ಅದನ್ನು ಒಲೆಯಿಂದ ದೂರ, ನೆಟ್ಟಗೆ ನಿಲ್ಲಿಸಿ, ಮಡಲಿನ ಚಪ್ಪರದಡಿ ಬೇಡವೇ ಬೇಡ. ನಮ್ಮಿಂದ ಹತ್ತು ಕಿಲೋಮೀಟರ್ ಒಳಗೆ ಇರುವ ಧರ್ಮಸ್ಥಳದ ಅನ್ನಪೂರ್ಣದಲ್ಲಿ ದಿನಕ್ಕೆ ಸಾವಿರಾರು ಜನರಿಗೆ ಉಗಿಯಲ್ಲಿ ಅನ್ನ ಬೇಯುತ್ತದೆ. ಆದರೂ ಶಿವರಾತ್ರಿಯ ಸಮಯ ಚಾರ್ಮಾಡಿ ಘಾಟಿ ಇಳಿದು ನಡೆದು ಬರುವ ಯಾತ್ರಿಕರು ದಾರಿಬದಿಯಲ್ಲಿ ಮೂರು ಕಲ್ಲು ಹೂಡಿ ಅನ್ನ ಮಾಡಿಕೊಳ್ಳುವುದು ಇಂದಿಗೂ ಉಂಟು. 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯ ವಿದ್ಯಾಗಿರಿಯಲ್ಲಿ ಸ್ಕೌಟ್ಸ್ ಗೈಡ್ಸ್ ಸಾಂಸ್ಕೃತಿಕ ಜಾಂಬೂರಿ ಆದಾಗ ನಾನು ಹೋಗಿದ್ದೆ. ಅಷ್ಟು ಮಕ್ಕಳಿಗೆ ಹೊತ್ತು ಹೊತ್ತಿಗೆ ಊಟ ಆಗುವುದನ್ನು ನೋಡಿ ಮಾವ ಇರಬೇಕಿತ್ತು ಎಂದುಕೊಂಡೆ.

ಪಾತ್ರೆ ಕೋಣೆಯ ಬಾಡಿಗೆ ಪುಸ್ತಕವನ್ನೂ ಅಂದು ತಿರುಗಿಸಿ ನೋಡಿದೆ. 2020ರ ಮಾರ್ಚಿನಿಂದ ತಿಂಗಳುಗಟ್ಟಲೆ ಪುಟ ಖಾಲಿ. ಕೊರೋನಾ ಸಮಯ, ಮದುವೆಗೆ ಐವತ್ತೇ ಜನ ಎಂಬ ನಿಯಮ. ಅದಕ್ಕಿಂತ ಹಿಂದಿನ ವರ್ಷದ ಒಂದು ಪುಟದಲ್ಲಿ ಎಲ್ಲ ಚರಿಗೆಗಳೂ ಒಂದೇ ದಿನ ಹೊರಗೆ ಹೋದದ್ದು ಉಂಟು. 2019ರ ಆಗಸ್ಟಿನ ನೆರೆ. ನೇತ್ರಾವತಿ, ಮೃತ್ಯುಂಜಯ ಹೊಳೆಗಳು ತುಂಬಿ, ಗುಡ್ಡ ಜರಿದು, ಚಾರ್ಮಾಡಿಯ ಕಡೆಯಲ್ಲಿ ಎಷ್ಟೋ ಮನೆಗಳು ಹೋದವು. ಗಂಜಿ ಕೇಂದ್ರಕ್ಕೆ ಪಾತ್ರೆ ಬೇಕೆಂದು ರಾತ್ರಿ ಫೋನು ಬಂತು. ಬೀಗ ತೆಗೆದು, ಪಿಕಪ್ಪಿಗೆ ತುಂಬಿಸಿ ಕಳಿಸಿದರು. ಬಾಡಿಗೆಯ ಕಾಲಮಿನಲ್ಲಿ ಗೆರೆ ಎಳೆದಿದ್ದಾರೆ, ಸಹಿಯ ಜಾಗದಲ್ಲಿ ಏನೂ ಇಲ್ಲ. ಮಳೆಯಲ್ಲಿ ಒದ್ದೆ ಕಟ್ಟಿಗೆಗೆ ಗೆರಟೆ ಸೇರಿಸಿ ಬೆಂಕಿ ಹಿಡಿಸಿದ್ದು ನನ್ನ ಮಾವನ ಮೊಮ್ಮಗ.

ಅಕ್ಕ ಈಗ ಎಂಬತ್ತರ ಹತ್ತಿರ ಇದ್ದಾಳೆ. ಕಳೆದ ವರ್ಷ ಅವಳ ಮೊಮ್ಮಗಳ ಮದುವೆ ನಮ್ಮ ಮನೆಯ ಅಂಗಳದಲ್ಲಿಯೇ ಆಯಿತು. ಹಾಲಿನಲ್ಲಿ ಮಾಡುವ, ಕೇಟರಿಂಗಿನವರಿಗೆ ಕೊಡುವ ಎಂದು ಹುಡುಗರು ಹೇಳಿದರು. ಅವಳು ಕೇಳಲಿಲ್ಲ. ಹಿಂದಿನ ದಿನ ಸಂಘದಿಂದ ಚರಿಗೆಗಳು ಬಂದಾಗ ಕೋಲು ಊರಿಕೊಂಡು ಹೊರಗೆ ಬಂದು, ಒಂದೊಂದನ್ನೂ ಎಣಿಸಿ ನೋಡಿದಳು. ಮೂರನೆಯ ಪಂಕ್ತಿ ಏಳುವ ತನಕ ಅಡಿಗೆ ಚಪ್ಪರದ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತವಳು ಅಲ್ಲಿಂದ ಅಲುಗಲಿಲ್ಲ.

ಕೋಣೆಗೆ ಬೀಗ ಹಾಕುವ ಮೊದಲು ಕಂಡ ಎರಡು ವಿಷಯ ಸಮಿತಿಯವರ ಗಮನಕ್ಕೆ ತರುತ್ತೇನೆ. ಹಳೆಯ ಚರಿಗೆಯ ಕಲಾಯಿ ತಳದಲ್ಲಿ ಎದ್ದುಹೋಗಿದೆ, ಮುಂದಿನ ಮದುವೆ ಕಾಲಕ್ಕೆ ಮೊದಲು ಹಾಕಿಸಬೇಕು. ಹಾಗೆಯೇ ಎರಡು ಜಾಲರಿ ಸೌಟು, ಒಂದು ಬಾಲ್ದಿ ಪುಸ್ತಕದಲ್ಲಿ ಉಂಟು, ಕೋಣೆಯಲ್ಲಿ ಇಲ್ಲ. ಒಯ್ದ ಸದಸ್ಯರು ದಯವಿಟ್ಟು ತಂದುಕೊಡಬೇಕು.